ಮೂರು ದಿನದ ಲಿಸ್ಬನ್, ಮತ್ತು ಮಾಂಯ್

ತೊಂಬತ್ತರ ದಶಕದ ಆರಂಭ. ಡಾಕ್ಟರಾಗಿದ್ದ ನನ್ನ ಗಂಡನಿಗೆ ಲಿಸ್ಬನ್ನಿನಲ್ಲೊಂದು ಸಭೆ ಇತ್ತು. ಅದರ ನೆಪದಲ್ಲಿ ಮೂರು ದಿನ ಊರು ನೋಡಲು ನಾನೂ ಹೊರಟೆ. ಮದುವೆಯಾಗಿ ಹತ್ತು ವರ್ಷವಾದರೂ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ನಾವಿದ್ದದ್ದು ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ. ಏಳು ವರ್ಷದ ಮಗಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟೆ. ಅವರು ಮಂಗಳೂರಿನ ಕ್ರಿಶ್ಚಿಯನ್ನರು, ಮನೆಯೊಳಗೆ ಕೊಂಕಣಿ. ಆ ಮನೆಯಾಕೆ ಆಗಲೇ ಮೂರು ಮಕ್ಕಳ ತಾಯಿ. ಮೂರಿದ್ದಲ್ಲಿ ನಾಲ್ಕು, ನೀವು ಆರಾಮಾಗಿ ಹೋಗಿ ಬನ್ನಿ ಮಾರಾಯ್ರೆ ಅಂದರು. ಹೊರಡುವಾಗ ಮಗಳು ಅಳಲಿಲ್ಲ, ಕೈ ಬೀಸಿ ಒಳಗೆ ಓಡಿದಳು. ಸ್ವಲ್ಪ ಅತ್ತಿದ್ದರೆ ಚೆನ್ನಾಗಿತ್ತು ಅಂತ ವಿಮಾನದಲ್ಲಿ ದಾರಿಯುದ್ದಕ್ಕೂ ಅನ್ನಿಸಿತು.

ಲಿಸ್ಬನ್ ತಲುಪಿದರೂ ನನ್ನ ಕೈಗಡಿಯಾರ ನೈರೋಬಿಯ ಹೊತ್ತನ್ನೇ ತೋರಿಸುತ್ತಿತ್ತು, ನಾನು ತಿರುಗಿಸಲಿಲ್ಲ. ಮರುದಿನ ಮಧ್ಯಾಹ್ನವೇ ಹೋಟೆಲಿನ ಕೌಂಟರಿನಿಂದ ಫೋನ್ ಮಾಡಿಸಿದೆ. ಮಗಳೇ ಎತ್ತಿದಳು. ಊಟ ಆಯ್ತಾ, ಕೆಮ್ಮಿನ ಔಷಧಿ ಕುಡಿದೆಯಾ ಅಂತ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಎಂದಿನಂತೆ ಇಂಗ್ಲಿಷಿನಲ್ಲಿ ಯೆಸ್ ಅಂದಳು. ಆಮೇಲೆ ಒಳಗೆ ತಿರುಗಿ ಕೂಗಿದಳು.

"ಮಾಂಯ್, ಮಮ್ಮಿ ಈಸ್ ಆನ್ ದ ಫೋನ್."

ಕೊಂಕಣಿಯಲ್ಲಿ ಮಾಂಯ್ ಅಂದರೆ ತಾಯಿ. ಅವರ ಮಕ್ಕಳು ಅವರನ್ನು ಕರೆಯುವುದು ಹಾಗೆ. ಮೊನ್ನೆಯವರೆಗೆ ನನ್ನ ಮಗಳಿಗೆ ಅವರು ಬರೀ ಆಂಟಿ. ಎರಡು ದಿನದಲ್ಲಿ ಬಡ್ತಿ! ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಗಂಡನಿಗೆ ಹೇಳಿದರೆ ನಕ್ಕುಬಿಟ್ಟರು, ನಡಿ ಊರು ನೋಡೋಣ ಅಂತ ಹಳದಿ ಟ್ರಾಮಿಗೆ ಹತ್ತಿಸಿದರು. ಕೈ ಚಾಚಿದರೆ ಎರಡೂ ಬದಿಯ ಮನೆಗಳಲ್ಲಿ ಒಣಹಾಕಿದ ಬಟ್ಟೆ ಸಿಗುವಷ್ಟು ಇಕ್ಕಟ್ಟಿನ ಏರು ಓಣಿ. ಹಿಂದಿನ ಸೀಟಿನಲ್ಲಿದ್ದ ಹುಡುಗಿಯೊಬ್ಬಳು ತನ್ನ ತಾಯಿಯನ್ನು ಕರೆದಳು, ಮಾಂಯ್ ಅಂತ. ನಾನು ಬೆಚ್ಚಿ ತಿರುಗಿದೆ. ಪೋರ್ಚುಗೀಸರಲ್ಲೂ ತಾಯಿಗೆ ಹೆಚ್ಚುಕಮ್ಮಿ ಅದೇ ಮಾತು! ಗಂಡನಿಗೆ ಸಂಭ್ರಮವೋ ಸಂಭ್ರಮ. ಗೋವಾಕ್ಕೆ ಬಂದು ಅಲ್ಲಿಂದ ಮಂಗಳೂರಿಗೆ ಇಳಿದದ್ದಿರಬೇಕು, ನಮ್ಮ ಮೇಜು, ಸ್ವಾಹಿಲಿಯ ಮೆಜಾ ಎಲ್ಲ ಇಲ್ಲಿಯವೇ ಅಂತ ದಾರಿಯುದ್ದಕ್ಕೂ ಪಾಠ. ನನಗೋ ಇಡೀ ಊರು ನನ್ನನ್ನು ಹಂಗಿಸಲೆಂದೇ ನಿಂತ ಹಾಗಿತ್ತು. ಅಂಗಡಿಯಲ್ಲಿ, ಚೌಕದಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಯಾವ ಮಗು ಬಾಯಿ ತೆರೆದರೂ ಅದೇ ಮಾತು.

ತಿಂಡಿಗೇನೂ ಕೊರತೆಯಿರಲಿಲ್ಲ. ಕಸ್ಟರ್ಡ್ ತುಂಬಿ, ಮೇಲೆ ಕಪ್ಪು ಕಲೆ ಬೀಳುವಷ್ಟು ಸುಟ್ಟ ಅಂಗೈಯಗಲದ ಪೇಸ್ಟ್ರಿ. ಅದರ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ನಾಲ್ಕು ತಿಂದೆ, ತಿಂದದ್ದೇ ಗೊತ್ತಾಗಲಿಲ್ಲ. ಗಂಡ ಉಪ್ಪುಮೀನು, ಆಲೂಗಡ್ಡೆ ಬಡಿಸಿಕೊಂಡು ಚಪ್ಪರಿಸಿದರು. ನದಿಯಂಚಿನ ಗೋಪುರದ ಮೆಟ್ಟಿಲನ್ನು ಅರ್ಧ ಹತ್ತಿ ಇಳಿದುಬಿಟ್ಟೆ. ಯುರೋಪಿನಿಂದ ನಮ್ಮ ಕರಾವಳಿಗೆ ಮೊದಲು ಹಡಗು ತಂದ ನಾವಿಕನ ಗೋರಿಯ ಮುಂದೆ ನಿಂತು ಗಡಿಯಾರ ನೋಡಿದೆ. ನೈರೋಬಿಯಲ್ಲಿ ಸಂಜೆ ಆರೂವರೆ, ಮಗಳಿಗೆ ತಲೆ ಬಾಚುವ ಹೊತ್ತು. ಬಿಟ್ಟು ಬಂದವಳೂ ನಾನೇ, ಬೇಯುವವಳೂ ನಾನೇ. ಮಾಡಿದ್ದುಣ್ಣೋ ಮಹರಾಯ.

ನೈರೋಬಿಗೆ ಬೆಳಿಗ್ಗೆ ಇಳಿದೆವು. ಮಗು ಒಂದು ಚೂರೂ ಹಠ ಮಾಡಲಿಲ್ಲ ಅಂದರು ಪಕ್ಕದ ಮನೆಯವರು. ನನಗೆ ಬೇಕಾಗಿದ್ದ ವರದಿ ಅದಲ್ಲ. ಮನೆಗೆ ಬಂದು, ಅವರು ಹೆಣೆದಿದ್ದ ಜಡೆ ಬಿಚ್ಚುತ್ತಾ, ತಡೆಯಲಾರದೆ ಮಗಳನ್ನು ಕೇಳಿಯೇಬಿಟ್ಟೆ, ಆಂಟಿಯನ್ನು ಯಾಕೆ ಹಾಗೆ ಕರೆದೆ ಅಂತ. ಆ ಮನೆಯಲ್ಲಿ ಮಕ್ಕಳೆಲ್ಲ ಹಾಗೇ ಕರೆಯುತ್ತಾರೆ ಅಂದಳು. ಆಮೇಲೆ ಯೋಚಿಸಿ, ಅವರ ಭಾಷೆಯಲ್ಲಿ ಮಾಂಯ್ ಆದರೆ ನಮ್ಮ ಭಾಷೆಯಲ್ಲಿ ಏನು ಅಂತ ಕೇಳಿದಳು.

ಮಮ್ಮಿ ಅನ್ನುವುದನ್ನು ಕಲಿಸಿದವಳು ನಾನು. ಮುಂದೆ ಶಾಲೆಯಲ್ಲಿ ಯಾರೂ ನಗಬಾರದು ಅಂತ, ಅವಳಿಗೆ ಮಾತು ಬರುವ ಮೊದಲೇ ತೀರ್ಮಾನಿಸಿದ್ದೆ.

"ಅಮ್ಮ" ಅಂದೆ.

ಅವಳು ತಿರುಗಿ, ತಪ್ಪು ತಿದ್ದುವ ಟೀಚರಿನ ಹಾಗೆ ನನ್ನನ್ನು ನೋಡಿದಳು.

"ನೋ, ಮಮ್ಮಿ. ಅಮ್ಮ ಈಸ್ ಅಜ್ಜಿ."

ಮೈಸೂರಿಗೆ ಫೋನ್ ಮಾಡಿದಾಗಲೆಲ್ಲ ನಾನು ಅಮ್ಮಾ, ಅಮ್ಮಾ ಅಂತ ಕೂಗುವುದನ್ನು ಕೇಳಿ, ಅದು ಅಜ್ಜಿಯ ಹೆಸರು ಅಂದುಕೊಂಡಿದ್ದಳು. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಉಪಯೋಗವೇ ಇರಲಿಲ್ಲ.