ವೀರಭದ್ರಪ್ಪನವರ ಹೆಲ್ಮೆಟ್ಟು

ವೀರಭದ್ರಪ್ಪನವರ ಹಣೆಯ ಮೇಲಿನ ಮೂರು ಗೆರೆ ವಿಭೂತಿ ಕಾಶಿಯ ಬಿಸಿಲಿಗೂ ಕರಗುತ್ತಿರಲಿಲ್ಲ. ಹಾವೇರಿ ಕಡೆಯವರು. ಇಲ್ಲಿಯ ನಮ್ಮ ಕನ್ನಡ ಮಠದಲ್ಲಿ ವೆಲ್ಡಿಂಗ್ ಕೆಲಸಕ್ಕೆ ನಿಂತಿದ್ದರು. ಗೇಟು, ಕಿಟಕಿ, ಟ್ಯಾಂಕಿನ ಸ್ಟ್ಯಾಂಡು, ಎಲ್ಲ ಅವರ ಕೈಯದೇ. ನಾನು ಕಾಶಿಯದೇ ಲಂಕಾ ಬಡಾವಣೆಯಲ್ಲಿ ಕಣ್ಣಿನ ಡಾಕ್ಟರು. ನನ್ನ ತಾಳ್ಮೆ ಪರೀಕ್ಷಿಸಲೆಂದೇ ವಿಶ್ವನಾಥ ಇವರನ್ನು ಕಳಿಸಿದ್ದನೇನೋ.

ಐವತ್ತು ದಾಟಿದ ಮೇಲೆ ಅವರಿಗೆ ಹತ್ತಿರದ್ದು ಮಂಜಾಯಿತು. ಕನ್ನಡಕ ಬರೆದುಕೊಟ್ಟೆ. ಕಿಡಿಗೆ ಅಡ್ಡವಾಗಿ ಕೈಯಲ್ಲಿ ಹಿಡಿಯುವ ಹಳೆಯ ಶೀಲ್ಡಿಗೆ ತಾಗುತ್ತದೆಂದು ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಅಂದಾಜಿನ ಮೇಲೆ ಬೆಸುಗೆ ಹಾಕುತ್ತಿದ್ದರು. ಒಳಗೆ ಕನ್ನಡಕಕ್ಕೆ ಜಾಗವಿರುವ, ತಲೆಗೆ ಹಾಕುವ ಹೆಲ್ಮೆಟ್ಟು ತೆಗೆದುಕೊಳ್ಳಿ ಎಂದು ಹೇಳಿ ಹೇಳಿ ಸಾಕಾಗಿ, ಒಂದು ಭಾನುವಾರ ನಾನೇ ಅವರನ್ನು ರಿಕ್ಷಾ ಹತ್ತಿಸಿ ಗೋದೌಲಿಯಾ ಚೌಕದ ಆಚೆಯ ಅಂಗಡಿಗೆ ಕರೆದೊಯ್ದೆ.

ಒಂದು ಹೆಲ್ಮೆಟ್ಟು ಕನ್ನಡಕದ ಕಡ್ಡಿಯನ್ನು ಒತ್ತುತ್ತದೆ ಎಂದರು. ಇನ್ನೊಂದರಲ್ಲಿ ಉಸಿರಿಗೆ ಗಾಜು ಮಬ್ಬಾಗುತ್ತದಂತೆ. ಆಗಷ್ಟೇ ಬಂದಿದ್ದ, ಕಿಡಿ ಕಂಡೊಡನೆ ತಾನೇ ಕಪ್ಪಾಗುವ ಗಾಜನ್ನು ನಂಬುವುದಿಲ್ಲವಂತೆ. ಒಳಗೆ ಭೂತಗನ್ನಡಿ ಸಿಕ್ಕಿಸಿದ್ದನ್ನು ಹಾಕಿಕೊಂಡು ಅಂಗಡಿಯವನ ಮೂಗು ನೋಡಿ ನಕ್ಕರು. ಕೊನೆಗೂ ಎಲ್ಲ ಸರಿಹೋದ ಒಂದು ಸಿಕ್ಕಿತು. ಅದನ್ನು ತೆಗೆದು ಕನ್ನಡಿ ನೋಡಿಕೊಂಡವರು ಮುಖ ಸಣ್ಣ ಮಾಡಿದರು. ಹೆಲ್ಮೆಟ್ಟಿನ ಪಟ್ಟಿ ಹಣೆಯ ವಿಭೂತಿ ಅಳಿಸಿತ್ತು.

"ಬೋಳ ಹಣಿ ಇಟಗೊಂಡು ಮಠದಾಗ ಹ್ಯಾಂಗ ಕೆಲಸ ಮಾಡ್ಲಿರಿ?"

ಹಲ್ಲು ಕಚ್ಚಿಕೊಂಡು ಅದನ್ನೇ ಕೊಂಡೆ. ಅವರು ಮುಟ್ಟಲಿಲ್ಲ.

ಅಷ್ಟರಲ್ಲಿ, ಮಂಡಿ ನೋವಿನ ಮಠದ ಹಿರಿಯ ಸ್ವಾಮಿಗಳು ಹಿಡಿದು ಇಳಿಯಲು ಹೊಳೆಯ ಸ್ನಾನದ ಮೆಟ್ಟಿಲಿಗೆ ಕಂಬಿ ಬೇಕಾಯಿತು. ಇದು ತಮ್ಮ ಸೇವೆ, ಬೇರೆ ಯಾರಿಗೂ ಕೊಡಬೇಡಿ ಎಂದು ವೀರಭದ್ರಪ್ಪನವರು ಅಂಗಲಾಚಿದರು. ಅವರು ಹಾಕಿದ ಮೊದಲ ತುಂಡನ್ನು ಮಠದ ಮ್ಯಾನೇಜರು ಜಗ್ಗಿದಾಗ ಕೈಗೇ ಬಂತು. ಹೆಲ್ಮೆಟ್ಟು ಹಾಕಿದರೆ ಸರಿ, ಇಲ್ಲದಿದ್ದರೆ ಕೆಲಸ ಹೊರಗಿನವರಿಗೆ ಎಂದು ಮ್ಯಾನೇಜರು ಖಡಾಖಂಡಿತ ಹೇಳಿಬಿಟ್ಟರು. ನಾನು ಸ್ವಾಮಿಗಳ ಹತ್ತಿರ ದೂರು ಒಯ್ದೆ. ಅವರು ನಕ್ಕು ವೀರಭದ್ರಪ್ಪನವರ ಕೈಯಲ್ಲೇ ಹೆಲ್ಮೆಟ್ಟು ತರಿಸಿ, ಅದರ ಮುಂಭಾಗಕ್ಕೇ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಇನ್ನು ನಿನ್ನ ಹಣೆ ಬೋಳಲ್ಲ, ಹಾಕಿಕೋ ಎಂದರು. ನಾನು ನಿಶ್ಚಿಂತನಾಗಿ ಮನೆಗೆ ಬಂದೆ.

ಆ ವಾರದಲ್ಲೇ ಹೋಗಿ ನೋಡಿದರೆ ಹೆಲ್ಮೆಟ್ಟು ಅವರ ಕೋಣೆಯ ದೇವರ ಗೂಡಿನಲ್ಲಿತ್ತು. ಮೇಲೊಂದು ಚೆಂಡುಹೂವು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಸ್ವಾಮ್ಯಾರು ಕೈಯಾರೆ ವಿಭೂತಿ ಹಚ್ಯಾರ. ಅದನ್ನ ಕಿಡಿಗೆ ಹ್ಯಾಂಗ ಒಡ್ಡಲ್ರಿ?"

ಬೇರೊಂದು ಕೊಡಿಸುತ್ತೇನೆ ಎಂದರೆ, ಇದನ್ನು ಬಿಟ್ಟು ಅದನ್ನು ಹಾಕುವುದು ಅಪಚಾರವಂತೆ. ಇಂಥವರಿಗೆ ಏನು ಹೇಳುವುದು?

ಲಂಕಾದ ವರ್ಕ್‌ಶಾಪಿನವನೊಬ್ಬ ಬಂದು ಕಂಬಿ ಹಾಕಿಹೋದ. ಮಠದ ಮಿಕ್ಕ ಕೆಲಸವೂ ಅವನಿಗೇ ಹೋಯಿತು. ವೀರಭದ್ರಪ್ಪನವರು ಊರಿಗೆ ಹೊರಟುನಿಂತರು. ಇನ್ನು ಬರುವುದಿಲ್ಲ ಎಂದರು. ರೈಲಿಗೆ ಹೊತ್ತಾಗುತ್ತಿದ್ದರೂ ನನ್ನನ್ನು ಕರೆದುಕೊಂಡು ಸ್ನಾನದ ಮೆಟ್ಟಿಲಿಗೆ ಬಂದರು. ಒಂದೊಂದು ಬೆಸುಗೆಯ ಮೇಲೂ ಹೆಬ್ಬೆರಳು ಆಡಿಸುತ್ತಾ ನೀರಿನ ತನಕ ಇಳಿದರು. ಬೈಯಲೆಂದು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಅವರ ಚೀಲ ಹಿಡಿದು ಹಿಂದೆಯೇ ಇಳಿದೆ.

ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಬಲವಾಗಿ ಜಗ್ಗಿದರು. ಅದು ಅಲುಗಲಿಲ್ಲ.

"ಛಲೋ ಹಚ್ಯಾನ್ರಿ," ಎಂದರು. "ಸ್ವಾಮ್ಯಾರು ಬೀಳಂಗಿಲ್ಲ."