ತಿಪ್ಪೇಶನ ಜೋಡಿ ಜಿಂಕೆ

ಹೊಳಲ್ಕೆರೆಯ ತಿಪ್ಪೇಶನಿಗೆ ನಮ್ಮ ರೈತ ಸಂಘಟನೆ ಹನ್ನೊಂದು ಗೋಡೆಬರಹದ ಕೂಲಿಯನ್ನು ಇನ್ನೂ ಕೊಟ್ಟಿಲ್ಲ. ನೀರಾವರಿ ಹೋರಾಟದ ಕಾಲದಲ್ಲಿ ಬರೆಸಿದ್ದು. ಒಂದು ಗೋಡೆಯ ಮೇಲೆ ಅವನು ಬಳೆ ತೊಟ್ಟ ಮುಷ್ಟಿ ಬರೆದಿದ್ದ. ಎಲ್ಲ ಗೋಡೆಗೂ ಒಂದೇ ಥರದ ಮುಷ್ಟಿ ಇರಬೇಕು, ಜನಕ್ಕೆ ಗುರುತು ಸಿಗಬೇಕು ಅಂತ ಜಗಳ ತೆಗೆದು ಅದಕ್ಕೆ ಸುಣ್ಣ ಬಳಿಸಿದವನು ನಾನೇ. ಹಾಗಾಗಿ ಮುಂದೆ ಬರುವ ಶಿವಕುಮಾರಪ್ಪನನ್ನು ಬಯ್ಯುವ ಯೋಗ್ಯತೆ ನನಗೇನೂ ಇಲ್ಲ.

ತಿಪ್ಪೇಶನಿಗೆ ಈಗ ಐವತ್ತೆರಡು. ಹೊಸದುರ್ಗ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಶೆಡ್ಡಿನ ಪಕ್ಕ, ತಗಡಿನ ನೆರಳಲ್ಲಿ ಕೂತು ಹೊಸ ಟ್ರೇಲರುಗಳಿಗೆ ಬಣ್ಣ ಹೊಡೆಯುತ್ತಾನೆ. ಹಿಂಬಾಗಿಲಿನ ಮೇಲೆ ಚಿತ್ರ. ಚಿತ್ರ ಅಂದರೆ ಒಂದೇ: ನೀಲಿ ಕೆರೆ, ಮುಳುಗುವ ಸೂರ್ಯ, ಎರಡು ಜಿಂಕೆ. ಇಪ್ಪತ್ತು ವರ್ಷದ ಹಿಂದೆ ಯಾರಿಗೋ ಬರೆದುಕೊಟ್ಟದ್ದು ಜನಕ್ಕೆ ಹಿಡಿಸಿಬಿಟ್ಟಿತು. ಈಗ ಹಿರಿಯೂರಿನಿಂದಲೂ ಟ್ರೇಲರ್ ಬರುತ್ತವೆ. ಬಂದವರು ಫೋನಿನಲ್ಲಿ ಹಳೇ ಫೋಟೊ ಹಿಡಿದು ಕೊಂಬಿನ ಕವಲು ಎಣಿಸುತ್ತಾರೆ. ಒಂದು ಕಡಿಮೆ ಬಿದ್ದರೆ, "ಇದು ತಿಪ್ಪೇಶಿ ಕೈ ಅಲ್ಲ ಕಣ್ರಿ" ಅಂತ ತಿಪ್ಪೇಶನಿಗೇ ಹೇಳುತ್ತಾರೆ. ಬೇಸತ್ತ ಅವನು ತನ್ನ ಅವ್ವನ ಎದೆಯ ಹಳೇ ಎಕ್ಸ್‌ರೇ ಹಾಳೆಯಲ್ಲಿ ಜಿಂಕೆಯ ಅಚ್ಚು ಕತ್ತರಿಸಿಟ್ಟುಕೊಂಡ. ಹಾಳೆ ಇಟ್ಟು ಸ್ಪಂಜಿನಲ್ಲಿ ಬಣ್ಣ ಒತ್ತಿದರೆ ಜಿಂಕೆ.

"ಬ್ಯಾರೆ ಏನಾದ್ರೂ ಬರೀಬಾರ್ದೇನೋ?" ಅಂದೆ ಒಮ್ಮೆ.

"ಬರೀಬೌದಣ್ಣ. ಮನೇಗೆ ಅಕ್ಕಿ ನಿಮ್ ಸಂಘಟನೆ ತಂದಾಕ್ತೈತಾ?"

ಕಳೆದ ಆಯುಧಪೂಜೆಗೆ ವಾರವಿತ್ತು. ಹೊರಕೆರೆದೇವಪುರದ ದೊಡ್ಡ ರೈತ ಶಿವಕುಮಾರಪ್ಪ ಹೊಸ ಟ್ರೇಲರ್ ಬಿಟ್ಟು, ಸೋಮವಾರ ಬರುತ್ತೇನೆಂದು ಹೋದ. ತಿಪ್ಪೇಶ ಅಚ್ಚನ್ನು ಮೊಳೆಯಿಂದ ಇಳಿಸಲೇ ಇಲ್ಲ. ಬೆಳಗಾದರೆ ಶೆಡ್ಡಿನ ಮುಂದೆ ಈರುಳ್ಳಿ ಕೀಳಲು ಹೋಗುವ ಹೆಂಗಸರು ಬುತ್ತಿ ಹಿಡಿದು ಗಾಡಿಗೆ ಕಾಯುತ್ತಾರಲ್ಲ, ಅವರನ್ನೇ ಬರೆದ. ಹಿಂದೆ ಗುಡ್ಡ, ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಯಂತ್ರಗಳು. ಮೂರು ದಿನ ಹಿಡಿಯಿತು. ಶಿವಕುಮಾರಪ್ಪನಂಥವನು ಇದನ್ನು ಊರೂರು ತಿರುಗಿಸಿದರೆ ನಾಲ್ಕು ಜನ ಇಂಥದ್ದೇ ಕೇಳುತ್ತಾರೆ, ಆಗ ಜಿಂಕೆಯ ಕಾಟ ತಪ್ಪುತ್ತದೆ ಅನ್ನುವುದು ಅವನ ಲೆಕ್ಕ.

ಸೋಮವಾರ ನಾನೂ ಅಲ್ಲಿದ್ದೆ.

"ಏನಪ್ಪ ಇದು, ಜಿಂಕೆ ಎಲ್ಲಿಗ್ ಹೋದ್ವು?" ಅಂದ ಶಿವಕುಮಾರಪ್ಪ.

"ಈ ಸಲ ಹಿಂಗೆ ಮಾಡೀನಿ ನೋಡ್ರಿ ಯಜಮಾನ್ರೆ."

"ಗುಡ್ಡದ ಮ್ಯಾಲೆ ಫ್ಯಾನ್ ಬ್ಯಾರೆ ಇಟ್ಟೀಯ! ನನ್ ಟ್ರೇಲರಿಗೇನು ಸೆಕೆ ಆಗ್ತೈತಾ?"

ವೆಲ್ಡಿಂಗ್‌ನವರು ನಕ್ಕರು. ಗಾಡಿಗೆ ಕಾಯುತ್ತಿದ್ದ ಕೂಲಿಯ ಓಬಕ್ಕ ಹತ್ತಿರ ಬಂದು ಬಗ್ಗಿ ನೋಡಿದಳು.

"ಲೇ ತಿಪ್ಪೇಶಿ, ಮೂಲೇಲಿ ಕುಂತಿರೋಳು ನಾನಲ್ವೇನೋ? ಅಷ್ಟು ದಪ್ಪ ಅದೀನಾ?"

"ಬುತ್ತಿ ಸೇರ್ಸಿ ಬರ್ದೀನಿ ಓಬಕ್ಕ."

"ಇರ್ಲಿ ಬಿಡ್ರಿ ಯಜಮಾನ್ರೆ, ನಿಮ್ ಈರುಳ್ಳಿ ಏನ್ ಜಿಂಕೆ ಬಂದು ಕೀಳ್ತಾವಾ?" ಅಂದಳು ಅವಳು.

ಶಿವಕುಮಾರಪ್ಪನೂ ನಕ್ಕ. ಕೆಟ್ಟ ಮನುಷ್ಯನಲ್ಲ. ನಕ್ಕು ಮುಗಿಸಿ, "ಚೆನ್ನಾಗೈತಪ್ಪ, ಇಲ್ಲ ಅನ್ನಲ್ಲ. ಆದ್ರೆ ತಿಪ್ಪೇಶಿ ಟ್ರೇಲರ್ ಅಂತ ಜನಕ್ಕೆ ಹೆಂಗ್ ಗೊತ್ತಾಗ್ಬೇಕು? ಸಂಜೆ ಒಳಗೆ ಜಿಂಕೆ ಹಾಕ್ಬಿಡು" ಅಂದ.

ತಿಪ್ಪೇಶ ನೀಲಿ ಡಬ್ಬ ಬಿಚ್ಚಿದ. ನೀಲಿಯಡಿ ಮೊದಲು ಗುಡ್ಡ ಹೋಯಿತು, ಆಮೇಲೆ ಚಿತ್ರದ ಹೆಂಗಸರು ಹೋದರು. ಅದಕ್ಕೆ ಮೊದಲೇ ಗಾಡಿ ಬಂದು ಓಬಕ್ಕ ಹತ್ತಿಕೊಂಡಳು. ತನ್ನ ಮುಖದ ಮೇಲೆ ಕೆರೆ ಬಂದದ್ದನ್ನು ನೋಡಲಿಲ್ಲ. ಬಣ್ಣ ಆರಿದ ಮೇಲೆ ತಿಪ್ಪೇಶ ಅಚ್ಚು ಇಟ್ಟು ಒತ್ತಿದ. ಎರಡು ಜಿಂಕೆ. ಕವಲು ಸರಿಯಾಗಿದ್ದವು.

"ಒಂದ್ ಫೋಟೊ ಆದ್ರೂ ತಗಂಡಿದ್ಯೇನೋ?" ಅಂದೆ.

"ಯಾಕಣ್ಣ? ನೋಡಿದ್ರೆ ಮತ್ತೆ ಬರೆಯೋ ಆಸೆ ಆಗ್ತೈತೆ."

ಈ ವರ್ಷ ಟ್ರೇಲರ್ ಕಟ್ಟಿಸುವವರಿಗೆ ಹೇಳುತ್ತಿದ್ದೇನೆ. ಹಿಂಬಾಗಿಲಿಗೆ ಜಿಂಕೆ ಬೇಕೆಂದರೆ ಹಾಕಿಸಿಕೊಳ್ಳಿ. ಟ್ರೇಲರಿನ ಎಡಗಡೆಯ ತಗಡನ್ನು ಅವನಿಗೆ ಬಿಡಿ. ಅವನು ಏನು ಬರೆದರೂ ಅಳಿಸಕೂಡದು, ಅದಕ್ಕೂ ಪೂರ್ತಿ ಕೂಲಿ ಎಣಿಸಬೇಕು. ಟ್ರೇಲರ್ ಇಲ್ಲದವರಿಗೆ ಮನೆಯ ಕಾಂಪೌಂಡ್ ಗೋಡೆ ಇದೆ. ನೀವು ಯಾವುದನ್ನು ಬಿಡುತ್ತೀರಿ, ಯಾವತ್ತು ಬಿಡುತ್ತೀರಿ? ದಿನ ಹೇಳಿ.