ವೀಲ್‌ಚೇರಿನಲ್ಲಿ ಅವ್ವೆ

ನನ್ನ ಅವ್ವೆಗೆ ಎಪ್ಪತ್ತೊಂದು ವರ್ಷ. ಊಟಿ ಹತ್ತಿರದ ಸೋಲೂರಿನ ಆಚೆ, ನಮ್ಮ ಹಟ್ಟಿಯ ಕೆಳಗಿನ ಇಳಿಜಾರಿನಲ್ಲಿ ನಮಗೆ ಮುಕ್ಕಾಲು ಎಕರೆ ಟೀ ಇದೆ. ಅದರ ಎಲೆ ಕಿತ್ತು, ಮೂಟೆ ಕಟ್ಟಿ, ತಲೆಯ ಮೇಲೆ ಹೊತ್ತು ರಸ್ತೆಗೆ ಹತ್ತುವವಳು ಅವ್ವೆಯೇ. ನಾನು ಊಟಿಯ ಒಂದು ಆಫೀಸಿನಲ್ಲಿ ಕುರ್ಚಿ ಬೆಚ್ಚಗೆ ಮಾಡುವ ಗುಮಾಸ್ತ; ಬರಿಗೈಯಲ್ಲಿ ಅದೇ ಏರು ಹತ್ತುವಾಗ ಎರಡು ಕಡೆ ನಿಂತು ಉಸಿರೆಳೆದುಕೊಳ್ಳುತ್ತೇನೆ. ಇಂಥ ಹೆಂಗಸನ್ನು ನಾನು ಕುಂಟಿ ಮಾಡಿದೆ. ಅದೂ ಸಿಂಗಪುರದವರೆಗೆ ವಿಮಾನದಲ್ಲಿ ಕರೆದುಕೊಂಡು ಹೋಗಿ.

ಮಗಳಿಗೆ ಎಂಟು ವರ್ಷ. ಅವಳ ಕ್ಲಾಸಿನ ಹುಡುಗಿಯೊಬ್ಬಳು ಸಿಂಗಪುರದ ದೊಡ್ಡ ಪಾರ್ಕಿಗೆ ಹೋಗಿ ಬಂದು ಫೋಟೋ ತೋರಿಸಿದ್ದಳಂತೆ. ಅಂದಿನಿಂದ ಮನೆಯಲ್ಲಿ ಅದೇ ರಾಗ. ಸರಿ, ಹೋಗೋಣ ಎಂದೆ. ಆದರೆ ನನ್ನ ರೀತಿಯಲ್ಲಿ ಹೋಗೋಣ ಎಂದೆ. ನಾನು ಜುಗ್ಗ ಎಂದು ಹೆಂಡತಿ ಅನ್ನುತ್ತಾಳೆ. ಲೆಕ್ಕಾಚಾರದವನು ಎಂದು ನನ್ನನ್ನು ನಾನೇ ಕರೆದುಕೊಳ್ಳುತ್ತಿದ್ದೆ. ಎರಡು ವರ್ಷ ಊಟದ ಬಿಡುವಿನಲ್ಲೆಲ್ಲ ಫೋನಿನಲ್ಲಿ ಅದೇ ವಿಡಿಯೋಗಳು: ಕಡಿಮೆ ಖರ್ಚಿನಲ್ಲಿ ಪಾರ್ಕ್ ನೋಡುವುದು ಹೇಗೆ, ಯಾವ ವಾರದಲ್ಲಿ ಟಿಕೆಟ್ ಅಗ್ಗ, ಯಾವ ದಿನ ಜನ ಕಡಿಮೆ. ಶನಿವಾರ ಭಾನುವಾರ ಬಿಟ್ಟೆ. ರಾತ್ರಿಯೆಲ್ಲ ಕೂತಲ್ಲೇ ತೂಕಡಿಸುವ ವಿಮಾನ ಹಿಡಿದೆ. ಸಾಮಾನಿನ ತೂಕ ಹೆಚ್ಚಾಗದಿರಲಿ ಎಂದು ಕೊಯಮತ್ತೂರಿನ ಸೆಕೆಯಲ್ಲಿ ನಾಲ್ಕೂ ಜನಕ್ಕೆ ಸ್ವೆಟರ್ ಹಾಕಿಸಿದೆ. ಹೆಂಡತಿ ಏರ್‌ಪೋರ್ಟಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, “ನಿಮ್ಮ ಜೊತೆ ಸ್ವರ್ಗಕ್ಕೆ ಹೋದರೂ ಬುತ್ತಿ ಕಟ್ಟಿಕೊಂಡೇ ಹೋಗಬೇಕು” ಅಂದಳು.

ನೀರಾಟದ ಸವಾರಿಗೆ ಅಲ್ಲಿ ರೇನ್‌ಕೋಟ್ ಮಾರುತ್ತಾರೆ, ಸುಮ್ಮನೆ ದುಬಾರಿ. ಅದಕ್ಕೆ, ಎಲೆ ಕೀಳುವಾಗ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ನಾಲ್ಕು ಪ್ಲಾಸ್ಟಿಕ್ ಹಾಳೆಗಳನ್ನೇ ನಾನು ಮಡಚಿಟ್ಟುಕೊಂಡಿದ್ದೆ. ಅವ್ವೆಗೆ ಅದನ್ನು ಕಂಡು ಎಲ್ಲಿಲ್ಲದ ಖುಷಿ. “ಎನ್ನ ತೋಟದ ಸೀರೆಯೂ ವಿಮಾನ ಹತ್ತಿತಲ್ಲ!” ಎಂದು ನಕ್ಕಳು. ಇಲ್ಲಿಯವರೆಗಿನ ಉಳಿತಾಯಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಒಬ್ಬರಿಗೂ ನೋವಾಗಲಿಲ್ಲ, ಬೆವರಿದೆವು ಅಷ್ಟೇ.

ನಾಚಿಕೆ ಶುರುವಾಗುವುದು ಪಾರ್ಕಿನ ಗೇಟಿನ ಬಳಿ. ಒಳಗೆ ಒಂದೊಂದು ಸವಾರಿಗೂ ಒಂದೂವರೆ ಗಂಟೆಯ ಸಾಲು. ಸಾಲು ತಪ್ಪಿಸುವ ಪಾಸಿಗೆ ಇನ್ನೊಂದು ಟಿಕೆಟ್ಟಿನಷ್ಟೇ ದುಡ್ಡು, ಅದೂ ತಲೆಗೊಂದು. ನಾನು ನೋಡಿದ್ದ ವಿಡಿಯೋ ಒಂದರಲ್ಲಿ ಒಬ್ಬ ಕಣ್ಣು ಹೊಡೆದು ಹೇಳಿದ್ದ: ನಡೆಯಲಾಗದ ಹಿರಿಯರು ವೀಲ್‌ಚೇರಿನಲ್ಲಿದ್ದರೆ ಮನೆಯವರನ್ನೆಲ್ಲ ಬೇರೆ ಬಾಗಿಲಿನಿಂದ ಬಿಡುತ್ತಾರೆ, ವೀಲ್‌ಚೇರಿನ ಬಾಡಿಗೆ ಜುಜುಬಿ. ಎರಡು ವರ್ಷದಿಂದ ಆ ಮಾತು ನನ್ನ ತಲೆಯಲ್ಲಿ ಬೆಚ್ಚಗೆ ಕೂತಿತ್ತು. ನಿಜ ಹೇಳುತ್ತೇನೆ, ಅವ್ವೆಯೂ ಬರಲಿ ಎಂದು ಹಟ ಹಿಡಿದಾಗ ಹೆಂಡತಿಗೆ ಆಶ್ಚರ್ಯವಾಗಿತ್ತು. ಅಬ್ಬಾ, ಏನು ಮಾತೃಭಕ್ತಿ ಎಂದುಕೊಂಡಿರಬೇಕು ಪಾಪ.

ಕುರ್ಚಿ ತಂದು ನಿಲ್ಲಿಸಿದಾಗ ಅವ್ವೆ ಹಿಂದೆ ಮುಂದೆ ನೋಡಿದಳು. “ಯಾರಿಗೆ ಮಗ?”

“ನಿನಗೇ ಅವ್ವೆ. ಕೂರು.”

“ಎನಗೆ ಏನಾಗಿದೆ? ನಾ ನಡೆವೆನಲ್ಲ.”

“ದೊಡ್ಡ ಜಾಗ, ದಣಿವಾಗುತ್ತೆ. ಸುಮ್ಮನೆ ಕೂರು, ಮಾತಾಡಬೇಡ.”

ಮಗಳು ನನ್ನ ಅಂಗಿ ಜಗ್ಗಿದಳು. “ಅಪ್ಪ, ಹೆತ್ತೆ ಕಾಲು ಸರಿ ಇದೆಯಲ್ಲ?” ನಮ್ಮಲ್ಲಿ ಅಜ್ಜಿಯನ್ನು ಹೆತ್ತೆ ಅನ್ನುತ್ತೇವೆ. ನಾನು ಮಗುವಿನ ಕಡೆ ಕಣ್ಣು ಬಿಟ್ಟೆ. ಯಾರಾದರೂ ಕೇಳಿದರೆ ಕಾಲು ನೋವು ಅನ್ನಬೇಕು ಎಂದು ಹೇಳಿಕೊಟ್ಟೆ. ಹೆಂಡತಿ ಮುಖ ಆ ಕಡೆ ತಿರುಗಿಸಿದಳು. ಅವ್ವೆ ಕೂತಳು, ಹೊಸ ಮನೆಗೆ ಬಂದ ನೆಂಟರು ಕೂರುತ್ತಾರಲ್ಲ, ಹಾಗೆ ಅಂಚಿನಲ್ಲಿ.

ಉಪಾಯವೇನೋ ಫಲಿಸಿತು. ಬೇರೆ ಬಾಗಿಲು, ಬೇರೆ ದಾರಿ. ಹಗ್ಗದ ಆಚೆ ಮಕ್ಕಳನ್ನು ಸೊಂಟಕ್ಕೆತ್ತಿಕೊಂಡು ನಿಂತವರನ್ನು ದಾಟಿ ನಾವು ಜರ್ರನೆ ಮುಂದೆ ಹೋದೆವು. ನಾನು ಒಳಗೊಳಗೇ ಬೀಗುತ್ತಿದ್ದೆ. ಮೂರನೆಯ ಸವಾರಿಯ ಬಳಿ ಕೆಲಸಕ್ಕಿದ್ದವಳು ಒಬ್ಬ ತಮಿಳು ಹುಡುಗಿ, ಇಪ್ಪತ್ತು ಇಪ್ಪತ್ತೆರಡು ಇರಬಹುದು. “ಪಾಟ್ಟಿ, ಕಾಲ್ ವಲಿಕ್ಕುದಾ?” ಎಂದು ಅಕ್ಕರೆಯಿಂದ ಕೇಳಿದಳು, ಅಜ್ಜಿ, ಕಾಲು ನೋಯುತ್ತಿದೆಯಾ ಎಂದು. ಜಾರಿದ್ದ ಅವ್ವೆಯ ಪಾದವನ್ನು ಎತ್ತಿ ಕುರ್ಚಿಯ ಹಲಗೆಯ ಮೇಲೆ ಇಡಲೆಂದು ಆ ಹುಡುಗಿ ಮಂಡಿಯೂರಿ ತಲೆ ಬಗ್ಗಿಸಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಬೆಟ್ಟದ ಹಟ್ಟಿಗಳಲ್ಲಿ ಕಿರಿಯರು ಹಿರಿಯರ ಮುಂದೆ ತಲೆ ಬಗ್ಗಿಸುತ್ತಾರೆ, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅದೇ ನಮ್ಮ ನಮಸ್ಕಾರ. ದಾರಿಯಲ್ಲಿ ಸಿಕ್ಕರೂ ಅಷ್ಟೆ, ಬಸ್ಸಿನಲ್ಲಿ ಸಿಕ್ಕರೂ ಅಷ್ಟೆ. ಎಷ್ಟೋ ಜನ ಕೂತಲ್ಲೇ ಹರಸುತ್ತಾರೆ. ನನ್ನ ಅವ್ವೆ ಮಾತ್ರ ಹಾಗಲ್ಲ. ಅವಳು ಚಪ್ಪಲಿ ಬಿಟ್ಟು, ಎದ್ದು ನಿಂತೇ ಹರಸುವವಳು. ಅವಳ ಅವ್ವೆಯೂ ಹಾಗೇ ಮಾಡುತ್ತಿದ್ದಳಂತೆ.

ಕಣ್ಣ ಮುಂದೆ ಒಂದು ತಲೆ ಬಗ್ಗಿತು. ಅವ್ವೆಗೆ ಪಾರ್ಕೂ ನೆನಪಿಲ್ಲ, ನಾನು ಹೇಳಿಕೊಟ್ಟದ್ದೂ ನೆನಪಿಲ್ಲ. ಚಪ್ಪಲಿ ಕಳಚಿದಳು, ಬರಿಗಾಲಲ್ಲಿ ಸಿಮೆಂಟಿನ ಮೇಲೆ ನೆಟ್ಟಗೆ ಎದ್ದು ನಿಂತಳು. ಆ ಹುಡುಗಿಯ ಟೋಪಿಯ ಮೇಲೆ ಕೈಯಿಟ್ಟು, “ಬಾಳು ಮಗಳೆ, ನೂರು ಕಾಲ ಬಾಳು, ಒಳ್ಳೆ ಮನೆ ಸೇರು, ಕೈ ತುಂಬ ಮಕ್ಕಳಾಗಲಿ, ಹೋದಲ್ಲಿ ಬಂದಲ್ಲಿ ಒಳ್ಳೇದಾಗಲಿ” ಎಂದು ಪೂರ್ತಿ ಹರಸಿದಳು. ಒಂದು ಮಾತೂ ಬಿಡಲಿಲ್ಲ.

ಹಗ್ಗದ ಆಚೆಯ ಸಾಲು ಇಡೀ ನೋಡುತ್ತಿತ್ತು. ಹುಡುಗಿ ತಲೆ ಎತ್ತಿ ಅವ್ವೆಯ ಮುಖ ನೋಡಿದಳು, ಆಮೇಲೆ ಅವಳ ಕಾಲು, ಆಮೇಲೆ ನನ್ನನ್ನು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ, “ಪಾಟ್ಟಿ ನಲ್ಲಾ ಇರುಕ್ಕಾಂಗ” ಅಂದಳು, ಅಜ್ಜಿ ಚೆನ್ನಾಗಿದ್ದಾರೆ ಎಂದು. ನಾನು ಹಲ್ಲು ಕಿರಿದೆ. ಅವಳು ಗೇಟು ತೆಗೆದು ನಮ್ಮನ್ನು ಒಳಗೆ ಬಿಟ್ಟಳು.

ಅಲ್ಲಿಗಾದರೂ ಆ ಕುರ್ಚಿಯನ್ನು ತಳ್ಳಿ ಹಾಕಿದೆನೇ? ಇಲ್ಲ. ಥೂ, ನನ್ನ ಜನ್ಮಕ್ಕೆ! ಇನ್ನೂ ಐದು ಸವಾರಿ ಬಾಕಿ ಇತ್ತಲ್ಲ. ಹೊರಗೆ ಬಂದ ಮೇಲೆ ಅವ್ವೆಯ ಕಿವಿಯ ಬಳಿ ಬಗ್ಗಿ, “ಇನ್ನು ಏಳಬೇಡ” ಎಂದು ಗದರಿದೆ. ಅವ್ವೆ ಏಳಲಿಲ್ಲ. ಸಂಜೆ ಅವಳ ಶಾಲು ನೆಲಕ್ಕೆ ಬಿದ್ದಾಗ ಕಸ ಗುಡಿಸುತ್ತಿದ್ದ ಒಬ್ಬಾತ ಬಗ್ಗಿ ಎತ್ತಿ ಕೊಟ್ಟ. ಅವನ ತಲೆ ಅವಳ ಎದುರಿಗೇ ಇತ್ತು. ಅವ್ವೆ ಎರಡೂ ಕೈಗಳನ್ನು ಮಡಿಲಿನಲ್ಲಿ ಒಂದನ್ನೊಂದು ಹಿಡಿದು ಕೂತಿದ್ದಳು. ನಾನು ಕಂಡಂತೆ ಅವಳು ಒಂದು ತಲೆಯನ್ನು ಹಾಗೇ ಬಿಟ್ಟದ್ದು ಅದೇ ಮೊದಲು.

ಆ ಸಂಜೆಯೇ ನಾನು ಇನ್ನೊಂದು ಜಾಣತನ ಮಾಡಿದೆ. ನೀರಾಟ ಮುಗಿಸಿ, ಟೀ ತೋಟದ ಪ್ಲಾಸ್ಟಿಕ್ ಸುತ್ತಿಕೊಂಡು, ಮಡಿಲಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡಿದ್ದ ಅವ್ವೆಯ ಫೋಟೋ ಚೆನ್ನಾಗಿ ಬಂದಿತ್ತು. ನಮ್ಮ ಹಟ್ಟಿಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಚಕ್ರಗಳೂ ಅದರಲ್ಲಿ ಕಾಣುತ್ತವೆ ಎಂದು ನನಗೆ ಹೊಳೆಯಲೇ ಇಲ್ಲ.

ನಾವು ಮನೆಗೆ ಬಂದು ಬ್ಯಾಗು ಇಳಿಸುವ ಹೊತ್ತಿಗೆ ಅಂಗಳ ತುಂಬ ಜನ. ಬ್ರೆಡ್ಡು, ಬಿಸ್ಕತ್ತು, ಮೂಸಂಬಿ ಹಣ್ಣು, ನೋವಿನ ಎಣ್ಣೆ. ನಮ್ಮಲ್ಲಿ ಯಾರಿಗಾದರೂ ಕಾಯಿಲೆ ಎಂದರೆ ಮನೆಗೊಬ್ಬರಾದರೂ ಬಂದು ನೋಡಿ ಹೋಗಬೇಕು. ಮುಂದೆ ನಿಂತವಳು ಮೇಲ್ಮನೆಯ ದೊಡ್ಡವ್ವೆ, ಅವ್ವೆಗಿಂತ ಹತ್ತು ವರ್ಷ ದೊಡ್ಡವಳು, ಹಟ್ಟಿಗೆಲ್ಲ ಹಿರಿಯಳು. “ಏನಾಯ್ತು ತಂಗಿ, ಕಾಲು ಹೋಯ್ತಂತಲ್ಲ? ಹೋಗುವಾಗ ನೆಟ್ಟಗಿದ್ದೆ!” ಎಂದು ಅಳು ಮುಖ ಮಾಡಿದಳು.

ನಾನು ಬಾಯಿ ತೆರೆಯಬೇಕಾಗಿತ್ತು. ಬ್ಯಾಗುಗಳನ್ನು ಎಣಿಸುತ್ತಾ ನಿಂತೆ. ಅವ್ವೆ ನನ್ನ ಮುಖವನ್ನು ಒಂದು ಸಲ ನೋಡಿದಳು. ಅಂಗಳದಲ್ಲಿ ನನ್ನ ಆಫೀಸಿನಲ್ಲೇ ಕೆಲಸ ಮಾಡುವವರಿದ್ದರು, ಹೆಂಡತಿಯ ತವರಿನವರಿದ್ದರು. “ಮೊಣಕಾಲು ಅಕ್ಕ” ಅಂದಳು. “ವಯಸ್ಸಲ್ಲವಾ.”

ಅಷ್ಟೇ ಮಾತು. ಅದರಿಂದ ಅವಳು ಮೂರು ತಿಂಗಳು ಮನೆಯಿಂದ ಇಳಿಯಲಿಲ್ಲ. ಇಳಿದರೆ ಮಗ ಸುಳ್ಳನಾಗುತ್ತಾನಲ್ಲ! ಹಟ್ಟಿಯ ಹೆಂಗಸರು ಸರದಿ ಹಾಕಿಕೊಂಡು ನಮ್ಮ ತೋಟದ ಎಲೆ ಕಿತ್ತರು. ತಮ್ಮ ತೋಟ ಮುಗಿಸಿ ಬಂದು, ಕೂಲಿ ಬೇಡ ಎಂದು, ಮಂಜಿನಲ್ಲಿ ನೆನೆದು ಕಿತ್ತರು. ಎಂಬತ್ತೊಂದರ ದೊಡ್ಡವ್ವೆಯೂ ಒಂದು ದಿನ ಸೊಂಟಕ್ಕೆ ಪ್ಲಾಸ್ಟಿಕ್ ಕಟ್ಟಿಕೊಂಡು ಇಳಿದಳು. ಅವ್ವೆ ಕಿಟಕಿಯಲ್ಲಿ ಕೂತು ಅದನ್ನು ನೋಡಿದಳು, ನಾನು ಆಫೀಸಿಗೆ ಹೊರಟವನು ಅವ್ವೆಯನ್ನು ನೋಡಿದೆ, ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಓಡಿದೆ. ಹೇಳಿಬಿಡಿ ಎಂದು ಹೆಂಡತಿ ಹಿಂದೆ ಬಿದ್ದಳು. ನಾಳೆ, ನಾಡಿದ್ದು ಎಂದೆ. ಹರಸಿಸಿಕೊಳ್ಳಲು ಬಂದವರನ್ನು ಅವ್ವೆ ಈಗ ಕೂತಲ್ಲೇ ಹರಸುತ್ತಿದ್ದಳು.

ಹಿಮ ಬೀಳುವ ತಿಂಗಳಲ್ಲಿ ನಮಗೆ ಹೆತ್ತೆ ಹಬ್ಬ. ಈ ಹೆತ್ತೆ ಮನೆಯ ಅಜ್ಜಿಯಲ್ಲ, ನಮ್ಮೆಲ್ಲರ ಕುಲದ ಅಜ್ಜಿ, ದೇವರು. ಬಿಳಿ ಬಟ್ಟೆ ಉಟ್ಟು, ಬರಿಗಾಲಲ್ಲಿ, ಹಟ್ಟಿಗೆ ಹಟ್ಟಿಯೇ ನಡೆದು ಅವಳ ಗುಡಿಗೆ ಹೋಗುತ್ತೇವೆ. ಮದುವೆಯಾಗಿ ಈ ಹಟ್ಟಿಗೆ ಬಂದ ವರ್ಷದಿಂದ ಅವ್ವೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗಲೂ ನಡೆದಿದ್ದಳು. ಅಪ್ಪ ತೀರಿಕೊಂಡ ವರ್ಷವೂ ನಡೆದಿದ್ದಳು. ಈ ವರ್ಷ ನಡೆಯದೆ ಹೋದರೆ ಆ ಪಾಪ ನನ್ನದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬದ ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ಅವ್ವೆ ಮಿಂದು ಬಿಳಿ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಹೊರಟವರೆಲ್ಲ ಅವಳ ಮುಂದೆ ತಲೆ ಬಗ್ಗಿಸಿ ಹೋಗಲು ಅಂಗಳಕ್ಕೆ ಬಂದರು. ದೊಡ್ಡವ್ವೆ, “ನಿನ್ನ ಹೆಸರಲ್ಲಿ ನಾ ಕೈ ಮುಗಿವೆ, ಅಳಬೇಡ ತಂಗಿ” ಅಂದಳು. ಅವ್ವೆ ಅಳುತ್ತಿರಲಿಲ್ಲ, ಹೋಗುವವರ ಕಾಲುಗಳನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅವ್ವೆಗೆ ಕಾಲು ನೋವಿಲ್ಲ” ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. “ಯಾವತ್ತೂ ಇರಲಿಲ್ಲ. ಪಾಸಿನ ದುಡ್ಡು ಉಳಿಸಲಿಕ್ಕೆ ನಾನೇ ಕೂರಿಸಿದ್ದು. ನಿಮ್ಮ ಹತ್ತಿರ ಎಲೆ ಕೀಳಿಸಿದ್ದೂ ನಾನೇ.”

ನೆಲ ಬಾಯಿಬಿಡಲಿ ಎಂದುಕೊಂಡೆ, ಅದು ಬಿಡಲಿಲ್ಲ. ಕೊನೆಗೆ ದೊಡ್ಡವ್ವೆಯೇ ನನ್ನ ಕಡೆ ನೋಡದೆ, “ಹಾಗಾದರೆ ಏಳು ತಂಗಿ. ಹೋಗುವ” ಅಂದಳು.

ಅವ್ವೆ ಎದ್ದಳು. ಜಗಲಿಯ ಮೆಟ್ಟಿಲನ್ನು ಹುಡುಗಿಯಂತೆ ಇಳಿದಳು. ಎಲ್ಲರೂ ಕಂಡರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವಳು ಅಂಗಳದ ನಡುವೆ ನಿಂತುಬಿಟ್ಟಳು.

“ನಾ ಬರಲಾರೆ ಅಕ್ಕ. ಮೂರು ತಿಂಗಳು ನಿನ್ನ ಮುಂದೆ ಸುಳ್ಳು ಹೇಳಿದೆ, ನಿನ್ನ ಹತ್ತಿರ ಎಣ್ಣೆ ತಿಕ್ಕಿಸಿಕೊಂಡೆ. ಆ ಬಾಯಲ್ಲಿ ಹೆತ್ತೆ ಹೆಸರ ಹೇಗೆ ಹೇಳಲಿ? ಈ ವರ್ಷ ಇಲ್ಲೆ.” ಸೆರಗಿನ ಗಂಟು ಬಿಚ್ಚಿ ಕಾಣಿಕೆಯ ನಾಣ್ಯಗಳನ್ನು ತೆಗೆದು ನನ್ನ ಅಂಗೈಗೆ ಹಾಕಿದಳು. “ನೀ ಹೋಗು. ಚಪ್ಪಲಿ ಬಿಡು. ದಾರಿಯಲ್ಲಿ ಎನ್ನ ಕೇಳುವವರು ಇರುವರು. ಕೇಳಿದರೆ ಇದ್ದದ್ದ ಹೇಳು.”

ನಾನು ನಡೆದೆ. ಆಫೀಸಿನ ಕಾಲುಗಳು, ಮೊದಲ ಮೈಲಿಯಲ್ಲೇ ಹಿಮ್ಮಡಿ ಬಿರಿಯಿತು. ಅವ್ವೆ ಹೇಳಿದಂತೆಯೇ ಆಯಿತು. ಪ್ರತಿ ತಿರುವಿನಲ್ಲೂ ಬೇರೆ ಹಟ್ಟಿಯವರು ಬಂದು ಸೇರಿಕೊಳ್ಳುತ್ತಿದ್ದರು, ಪ್ರತಿಯೊಬ್ಬರೂ ಕೇಳುತ್ತಿದ್ದರು, “ನಿನ್ನ ಅವ್ವೆ ಎಲ್ಲಿ? ಕಾಲು ಹೇಗಿದೆ?” ಕಾಲಿಗೇನೂ ಆಗಿಲ್ಲ ಎಂದು ಶುರುಮಾಡಿ ಪೂರ್ತಿ ಹೇಳಬೇಕಾಗಿತ್ತು. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ, ನಡಿಗೆ ಚುರುಕು ಮಾಡಿ ಮುಂದೆ ಹೋದರು. ಮಗಳು ನನ್ನ ಕೈ ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಗುಡಿಯಲ್ಲಿ ಕಾಣಿಕೆ ಹಾಕಿ ಹೊರಗೆ ಬಂದೆ. ದರ್ಶನವಾದ ಮೇಲೆ ಹಿರಿಯರ ಮುಂದೆ ಬಗ್ಗುವುದು ರೂಢಿ. ದೊಡ್ಡವ್ವೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮಗಳು ಬಗ್ಗಿದಳು, ದೊಡ್ಡವ್ವೆ ಅವಳ ತಲೆಯ ಮೇಲೆ ಕೈಯಿಟ್ಟು ಬಾಯ್ತುಂಬ ಹರಸಿದಳು. ನಾನೂ ಬಗ್ಗಿದೆ. ಕೈ ಬರಲಿಲ್ಲ. ಕಾದೆ. ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

“ಬರುವ ವರ್ಷ ನಿನ್ನ ಅವ್ವೆಯ ಕರೆದುಕೊಂಡು ಬಾ” ಅಂದಳು ದೊಡ್ಡವ್ವೆ. “ಆಗ ಬಗ್ಗು.”

ನಾನು ತಲೆ ಎತ್ತಿ, ಪಕ್ಕಕ್ಕೆ ಸರಿದು, ಹಿಂದಿನವರಿಗೆ ಜಾಗ ಬಿಟ್ಟೆ.